ಹಳೆ ಕಾರಿನ ಬ್ರೇಕ್ ಆಯಿಲ್ ಕೆಟ್ಟಿದೆಯೇ? ಏನು ಸೇರಿದೆ ಅಂತ ನೋಡಿ, ಆಮೇಲೆ ಕೈ ಹಾಕಿ

ಮಳೆ ಹಿಡಿದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಬ್ರೇಕ್ ಆಯಿಲ್ ಕಪ್ಪಾಗಿದೆ, ತೆಗೆದು ಹೊಸತು ಹಾಕಿದರೆ ಸಾಕಾ? ಅಣ್ಣ ಗಲ್ಫ್‌ನಿಂದ ರಜೆಗೆ ಬಂದಿದ್ದಾರೆ, ವರ್ಷದಿಂದ ನಿಂತಿದ್ದ ಕಾರು ಹೊರಗೆ ತೆಗೆದರೆ ಪೆಡಲ್ ಕೆಳಗೇ ಹೋಗುತ್ತದೆ, ಯಾಕೆ? ಬ್ರೇಕ್ ಡಬ್ಬಿಗೆ ತಪ್ಪಿ ಪವರ್ ಸ್ಟೀರಿಂಗ್ ಆಯಿಲ್ ಬಿತ್ತು, ಈಗ ಏನು ಮಾಡೋದು? ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಒಮ್ಮೆ ಪೂರ್ತಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಬ್ರೇಕ್ ಆಯಿಲ್‌ಗೆ ನೀರು ಸೇರಿದ್ದರೆ ಒಂದು ಕೆಲಸ, ಪೆಟ್ರೋಲಿಯಂ ಎಣ್ಣೆ ಸೇರಿದ್ದರೆ ಬೇರೆಯೇ ಕೆಲಸ. ನೀರಾದರೆ ಹಳೆಯದನ್ನು ಹೊರಹಾಕಿ ಹೊಸತು ತುಂಬಿಸಬೇಕು, ಅಷ್ಟೇ. ಅರ್ಧ ದಿನದ ಕೆಲಸ, ಅಂಗಳದಲ್ಲೇ ಆಗುತ್ತದೆ. ಎಣ್ಣೆಯಾದರೆ ಬ್ರೇಕಿನ ದಾರಿಯಲ್ಲಿರುವ ರಬ್ಬರ್ ಅಷ್ಟನ್ನೂ ಬದಲಿಸಬೇಕು. ಜನ ಎಡವುವುದು ಇಲ್ಲೇ. ಎಣ್ಣೆ ಸೇರಿದ ಗಾಡಿಗೆ ಸುಮ್ನೆ ಆಯಿಲ್ ಬದಲಿಸಿ ರಸ್ತೆಗಿಳಿಸುತ್ತಾರೆ. ಮೊದಲ ವಾರ ಎಲ್ಲಾ ಸರಿ ಇರುತ್ತದೆ, ಆಮೇಲೆ ಕಾಲು ತೆಗೆದರೂ ಬಿಡದೆ ಬ್ರೇಕ್ ಹಿಡಿದುಕೊಳ್ಳುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆ ಗಾಡಿಗಳ ಬಗ್ಗೆ. ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿ, ತೋಟದ ಕೆಲಸದ ಜೀಪು ಇಂಥವು. ಇವುಗಳಲ್ಲಿ ಸಾಮಾನ್ಯವಾಗಿ ಎಬಿಎಸ್ ಇರುವುದಿಲ್ಲ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಸಾಧನ. ನಿಮ್ಮ ಕಾರಿನಲ್ಲಿ ಅದು ಇದ್ದರೆ ಕೆಳಗಿನ ಪರೀಕ್ಷೆಗಳನ್ನು ಧಾರಾಳ ಮಾಡಿ, ಆದರೆ ಆಯಿಲ್ ಬದಲಿಸುವುದನ್ನು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಬಿಡಿ. ಆ ಯೂನಿಟ್ ಒಳಗೆ ಸಿಕ್ಕಿಕೊಂಡ ಹಳೆ ಆಯಿಲ್ ಮತ್ತು ಗಾಳಿ ಬರೀ ಪೆಡಲ್ ಒತ್ತಿದರೆ ಪೂರ್ತಿ ಹೊರಗೆ ಬರುವುದಿಲ್ಲ.

ನೀರು ಹೇಗೆ ಸೇರುತ್ತದೆ, ಸೇರಿದರೆ ಏನು

ಬ್ರೇಕ್ ಆಯಿಲ್ ನಿಜಕ್ಕೂ ಎಣ್ಣೆಯ ಜಾತಿಯದ್ದಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ದರ್ಜೆಯ ಬ್ರೇಕ್ ಆಯಿಲ್‌ಗಳೆಲ್ಲವೂ ಗ್ಲೈಕಾಲ್ ಜಾತಿಯ ರಾಸಾಯನಿಕಗಳು. ಇವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಆಟಿ ತಿಂಗಳಲ್ಲಿ ಹಲಸಿನ ಹಪ್ಪಳದ ಡಬ್ಬಿ ತೆರೆದಿಟ್ಟರೆ ಏನಾಗುತ್ತದೆ ಗೊತ್ತಲ್ವಾ, ಹಾಗೆಯೇ. ಕಾರಿನಲ್ಲಿ ಬ್ರೇಕ್ ಆಯಿಲ್ ತುಂಬಿಸುವ ಡಬ್ಬಿಯ ಮುಚ್ಚಳದಿಂದ, ಹಳೆ ರಬ್ಬರ್ ಹೋಸಿನ ಗೋಡೆಯಿಂದ, ಸವೆದ ಸೀಲಿನ ಅಂಚಿನಿಂದ ತೇವ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ಕಾರು ಓಡದೆ ನಿಂತಿದ್ದರೂ ಹೋಗುತ್ತದೆ. ಸಮುದ್ರ ಪಕ್ಕದಲ್ಲಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹುಯ್ಯುವ ಊರಿನಲ್ಲಿ ಇದು ಒಣ ಊರುಗಳಿಗಿಂತ ಬೇಗ ಆಗುತ್ತದೆ.

ನೀರಿನಿಂದ ಎರಡು ತೊಂದರೆ. ಒಂದು, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸಿಲಿಂಡರ್ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ, ರಬ್ಬರ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಎರಡು, ಆಯಿಲ್ ಕುದಿಯುವ ಬಿಸಿ ಇಳಿಯುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155.

ಭಾಗಮಂಡಲದಿಂದ ಕರಿಕೆ ಮೂಲಕ ಪಾಣತ್ತೂರಿಗೆ ಇಳಿಯುವ ದಾರಿ ನೆನಪಿಸಿಕೊಳ್ಳಿ, ಇಲ್ಲವೇ ಮಡಿಕೇರಿಯಿಂದ ಸಂಪಾಜೆಗೆ. ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಚಕ್ರದ ಹತ್ತಿರದ ಆಯಿಲ್ ಕಾಯುತ್ತದೆ, ಒಳಗಿನ ನೀರು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ನೀವು ಪೆಡಲ್ ಒತ್ತಿದ ಬಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಇದಕ್ಕೆ ವೇಪರ್ ಲಾಕ್ ಅನ್ನುತ್ತಾರೆ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಆವಿ ತಣಿದು ಮತ್ತೆ ದ್ರವವಾಗುತ್ತದೆ, ಪೆಡಲ್ ಮೊದಲಿನಂತೆ ಗಟ್ಟಿಯಾಗುತ್ತದೆ. ಅದೇ ಅಪಾಯ. ಕೆಳಗಿಳಿದು ಗ್ಯಾರೇಜಿಗೆ ಹೋದಾಗ ಬ್ರೇಕ್ ಚೆನ್ನಾಗಿಯೇ ಇರುತ್ತದೆ, ಏನೂ ತೊಂದರೆ ಇಲ್ಲ ಅಂತ ಕಳಿಸಿಬಿಡುತ್ತಾರೆ.

ಎಣ್ಣೆ ಸೇರಿದರೆ ಏನು

ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಗೇರ್ ಆಯಿಲ್, ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ರೀಸ್ ಎಲ್ಲವೂ ಇಲ್ಲಿ ಒಂದೇ. ಬ್ರೇಕಿನ ರಬ್ಬರ್ ಗ್ಲೈಕಾಲ್‌ಗೆ ತಡೆಯುವ ಜಾತಿಯದ್ದು, ಪೆಟ್ರೋಲಿಯಂಗೆ ಅಲ್ಲ. ಎಣ್ಣೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ.

ಮಾಸ್ಟರ್ ಸಿಲಿಂಡರ್ ಅಂದರೆ ಪೆಡಲಿನ ಒತ್ತಡವನ್ನು ಆಯಿಲ್‌ಗೆ ಕೊಡುವ ಭಾಗ. ಅದರಲ್ಲಿ ಒಂದು ಸಣ್ಣ ತೂತು ಇರುತ್ತದೆ. ನೀವು ಕಾಲು ತೆಗೆದಾಗ ಆಯಿಲ್ ಅದರ ಮೂಲಕ ಡಬ್ಬಿಗೆ ವಾಪಸ್ ಬರಬೇಕು. ರಬ್ಬರ್ ಉಬ್ಬಿ ಈ ತೂತನ್ನು ಮುಚ್ಚಿತೋ, ಒತ್ತಡ ಒಳಗೇ ನಿಲ್ಲುತ್ತದೆ. ಬ್ರೇಕ್ ಬಿಟ್ಟರೂ ಚಕ್ರ ಬಿಡುವುದಿಲ್ಲ. ಓಡಿಸಿದಷ್ಟೂ ಬಿಸಿ, ಬಿಸಿಯಾದಷ್ಟೂ ಬಿಗಿ. ಕೊನೆಗೆ ರಸ್ತೆ ಮಧ್ಯೆ ನಾಲ್ಕೂ ಚಕ್ರ ಹಿಡಿದು ನಿಲ್ಲಬಹುದು.

ಈಗ ಕೆಲಸಕ್ಕೆ ಬರೋಣ.

1. ಅನುಮಾನ ಬಂದ ತಕ್ಷಣ ಓಡಿಸಬೇಡಿ

ಬೇರೆ ಎಣ್ಣೆ ಡಬ್ಬಿಗೆ ಬಿದ್ದದ್ದು ಕಣ್ಣಾರೆ ನೋಡಿದ್ದರೆ ಪೆಡಲನ್ನೂ ಮುಟ್ಟಬೇಡಿ, ಇಂಜಿನ್ ಸ್ಟಾರ್ಟ್ ಕೂಡ ಮಾಡಬೇಡಿ. ಪೆಟ್ರೋಲಿಯಂ ಎಣ್ಣೆ ಬ್ರೇಕ್ ಆಯಿಲ್‌ಗಿಂತ ಹಗುರ, ಸದ್ಯಕ್ಕೆ ಮೇಲೆಯೇ ತೇಲುತ್ತಿರುತ್ತದೆ. ಪೆಡಲ್ ಒತ್ತಿದರೆ ಅದನ್ನು ನೀವೇ ಒಳಗೆ ಕಳಿಸಿದ ಹಾಗಾಗುತ್ತದೆ. ಸಿರಿಂಜಿನಲ್ಲಿ ಮೇಲಿನಿಂದ ಎಳೆದು ತೆಗೆಯಿರಿ. ಕಲಕಬೇಡಿ. ಒತ್ತುವ ಮೊದಲೇ ಇಷ್ಟು ಮಾಡಿದ್ದರೆ ಡಬ್ಬಿ, ಅದರ ಕೆಳಗಿನ ರಬ್ಬರ್ ಬಳೆಗಳು, ಮುಚ್ಚಳದ ರಬ್ಬರ್ ಮತ್ತು ಮಾಸ್ಟರ್ ಸಿಲಿಂಡರ್ ಬದಲಿಸಿ, ಪೈಪುಗಳಲ್ಲಿ ಹೊಸ ಆಯಿಲ್ ಹರಿಸಿದರೆ ಉಳಿದ ಭಾಗಗಳು ಉಳಿಯುವ ಸಾಧ್ಯತೆ ಜಾಸ್ತಿ. ಒತ್ತಿಬಿಟ್ಟಿದ್ದರೆ 9ನೇ ಹಂತವೇ ಗತಿ.

2. ಮುಚ್ಚಳದ ರಬ್ಬರ್ ನೋಡಿ

ಎಣ್ಣೆ ಸೇರಿದೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಮೊದಲು ಡಬ್ಬಿಯ ಸುತ್ತ ಧೂಳು ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಮಳೆ ಹನಿಯುವಾಗ ತೆಗೆಯಲೇಬೇಡಿ. ಒಳಗಿನ ರಬ್ಬರ್ ತನ್ನ ಜಾಗದಲ್ಲಿ ಚಪ್ಪಟೆಯಾಗಿ ಕೂತಿದ್ದರೆ ಒಳ್ಳೆಯದು. ಉಬ್ಬಿ ಅಲೆ ಅಲೆಯಾಗಿದ್ದರೆ, ಮುಚ್ಚಳದ ಅಳತೆಗಿಂತ ದೊಡ್ಡದಾಗಿದ್ದರೆ, ಹಿಡಿದರೆ ಜಿಗುಟಾಗಿದ್ದರೆ ಎಣ್ಣೆ ಸೇರಿದೆ ಅಂತಲೇ ತಿಳಿಯಿರಿ.

ಬಣ್ಣವನ್ನು ನಂಬಿ ತೀರ್ಮಾನ ಮಾಡಬೇಡಿ. ಹೊಸ ಆಯಿಲ್ ತಿಳಿ ಹಳದಿ ಇರುತ್ತದೆ, ಹಳತಾದ ಹಾಗೆ ಕಂದಾಗುತ್ತದೆ, ನಿಜ. ಆದರೆ ತಿಳಿಯಾಗಿ ಕಾಣುವ ಆಯಿಲ್‌ನಲ್ಲೂ ನೀರು ಜಾಸ್ತಿ ಇರಬಹುದು. ಬಣ್ಣಕ್ಕಿಂತ ಅಡಿಯಲ್ಲಿ ಕೂತ ಕಸ ನೋಡಿ. ಕಪ್ಪು ಪುಡಿ ಇದ್ದರೆ ರಬ್ಬರ್ ಹರಿಯುತ್ತಿದೆ, ಕೆಂಗಂದು ಪುಡಿ ಇದ್ದರೆ ತುಕ್ಕು.

3. ಗಾಜಿನ ಬಾಟಲಿಯ ಪರೀಕ್ಷೆ

ಮತ್ತೆ ಅಡುಗೆಮನೆಗೆ ಬೇಡದ ಒಂದು ಗಾಜಿನ ಬಾಟಲಿ ತಗೊಳ್ಳಿ. ಡಬ್ಬಿಯಿಂದ ಎರಡು ಮೂರು ಚಮಚದಷ್ಟು ಆಯಿಲ್ ಎಳೆದು ಹಾಕಿ, ಅಷ್ಟೇ ನೀರು ಸೇರಿಸಿ, ಕಲಕಿ, ಹತ್ತು ನಿಮಿಷ ಬಿಡಿ. ಶುದ್ಧ ಬ್ರೇಕ್ ಆಯಿಲ್ ನೀರಿನಲ್ಲಿ ಪೂರ್ತಿ ಕರಗುತ್ತದೆ, ಒಂದೇ ಪದರ ಕಾಣುತ್ತದೆ. ಮೇಲೆ ಎಣ್ಣೆಯ ಪದರ ತೇಲಿದರೆ ಅಥವಾ ಹಾಲಿನ ಹಾಗೆ ಬೆಳ್ಳಗಾಗಿ ನಿಂತರೆ ಎಣ್ಣೆ ಸೇರಿದೆ. ಪಕ್ಕದಲ್ಲೇ ಇನ್ನೊಂದು ಬಾಟಲಿಯಲ್ಲಿ ಹೊಸ ಆಯಿಲ್‌ಗೂ ನೀರು ಹಾಕಿ ಇಟ್ಟರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.

ಸ್ವಲ್ಪವೇ ಎಣ್ಣೆ ಸೇರಿದ್ದರೆ ಈ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಮುಚ್ಚಳದ ರಬ್ಬರ್ ಉಬ್ಬಿದ್ದು, ಬಾಟಲಿಯಲ್ಲಿ ಏನೂ ಕಾಣದಿದ್ದರೆ ರಬ್ಬರಿನ ಮಾತನ್ನೇ ನಂಬಿ.

ನೀರು ಎಷ್ಟಿದೆ ಅಂತ ತಿಳಿಯಲು ಪೆನ್ನಿನಂಥ ಪರೀಕ್ಷಕ ಸಿಗುತ್ತದೆ. ತುದಿಯನ್ನು ಆಯಿಲ್‌ಗೆ ಅದ್ದಿದರೆ ದೀಪ ಹತ್ತಿ ಶೇಕಡಾವಾರು ತೋರಿಸುತ್ತದೆ. ಶೇಕಡ 3 ಅಥವಾ ಮೇಲೆ ತೋರಿಸಿದರೆ ತಡ ಮಾಡದೆ ಬದಲಿಸಿ. ಕಡಿಮೆ ತೋರಿಸಿದರೆ ಪೂರ್ತಿ ನಿಶ್ಚಿಂತರಾಗಬೇಡಿ, ಅದು ಅಳೆಯುವುದು ಡಬ್ಬಿಯ ಆಯಿಲ್ ಮಾತ್ರ. ಚಕ್ರದ ಹತ್ತಿರದ ಆಯಿಲ್ ಡಬ್ಬಿಗಿಂತ ಕೆಟ್ಟಿರಬಹುದು. ಕೊನೆಯದಾಗಿ ಯಾವಾಗ ಬದಲಿಸಿದ್ದು ಅಂತ ನೆನಪೇ ಇಲ್ಲದ ಕಾರಿಗೆ ಪರೀಕ್ಷೆಯೂ ಬೇಡ, ಬದಲಿಸಿಬಿಡಿ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

4. ಸಾಮಾನು ಜೋಡಿಸಿಕೊಳ್ಳಿ

ಆಯಿಲ್ ಯಾವುದು ಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಡಾಟ್ 3 ಇರುವ ಕಡೆ ಡಾಟ್ 4 ಹಾಕಬಹುದು, ಎರಡೂ ಒಂದಕ್ಕೊಂದು ಬೆರೆಯುತ್ತವೆ. ಡಾಟ್ 5 ಮಾತ್ರ ಬೇಡವೇ ಬೇಡ. ಅದು ಸಿಲಿಕೋನ್, ಇವುಗಳ ಜೊತೆ ಸೇರುವುದಿಲ್ಲ. ಡಾಟ್ 5.1 ಬೇರೆ, ಡಾಟ್ 5 ಬೇರೆ, ಅಂಗಡಿಯಲ್ಲಿ ಸರಿಯಾಗಿ ನೋಡಿ ತಗೊಳ್ಳಿ. ಸಣ್ಣ ಕಾರಿಗೆ 1 ಲೀಟರ್ ಸಾಕು. ಒಂದೇ ದೊಡ್ಡ ಕ್ಯಾನಿನ ಬದಲು ಸಣ್ಣ ಬಾಟಲಿಗಳನ್ನು ತಗೊಂಡರೆ ಉಳಿದದ್ದು ಸೀಲ್ ಸಮೇತ ಇರುತ್ತದೆ. ಶೆಡ್ಡಿನ ಮೂಲೆಯಲ್ಲಿ ಕಳೆದ ವರ್ಷ ಅರ್ಧ ಬಳಸಿ ಇಟ್ಟ ಬಾಟಲಿ ಸಿಕ್ಕಿದರೆ ಅದನ್ನು ಹಾಕಬೇಡಿ. ಅದು ಆಗಲೇ ಒಂದು ಮಳೆಗಾಲ ಕುಡಿದಿದೆ.

ಉಳಿದದ್ದು: ನಿಪ್ಪಲಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ (ಹೆಚ್ಚಾಗಿ 8 ಅಥವಾ 10 ಮಿ.ಮೀ.), ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಒಂದು ಬಾಟಲಿ, ದೊಡ್ಡ ಸಿರಿಂಜ್, ಹಳೆ ಬಟ್ಟೆ, ಒಂದು ಬಕೆಟ್ ನೀರು, ಕೈಗವಸು, ಕನ್ನಡಕ, ಜಾಕಿ, ಸ್ಟ್ಯಾಂಡ್. ಜೊತೆಗೆ ಪೆಡಲ್ ಒತ್ತಲು ಒಬ್ಬರು, ಹೇಳಿದ್ದು ಕೇಳುವವರು. ನಿಪ್ಪಲ್ ಅಂದರೆ ಪ್ರತಿ ಚಕ್ರದ ಹಿಂದೆ ಇರುವ, ತೂತು ಇರುವ ಸಣ್ಣ ಬೋಲ್ಟ್. ಸಡಿಲಿಸಿದರೆ ಅದರಿಂದ ಆಯಿಲ್ ಹೊರಬರುತ್ತದೆ.

ಬಕೆಟ್ ನೀರು ಯಾಕೆ ಅಂದರೆ, ಬ್ರೇಕ್ ಆಯಿಲ್ ಬಣ್ಣ ಕೀಳುತ್ತದೆ. ಬಾನೆಟ್ ಮೇಲೆ, ಮಡ್‌ಗಾರ್ಡ್ ಮೇಲೆ ಹನಿ ಬಿದ್ದರೆ ಒರೆಸಿ ಹರಡಬೇಡಿ, ನೀರು ಸುರಿದು ತೊಳೆಯಿರಿ. ಕೆಲಸವನ್ನು ಸಾಧ್ಯವಾದರೆ ಬಿಸಿಲಿನ ದಿನ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಮಾಡೋಣ ಅಂತ ಕೆಟ್ಟ ಬ್ರೇಕಿನಲ್ಲಿ ಓಡಿಸುವುದು ಬೇಡ. ಅನಿವಾರ್ಯವಾದರೆ ಶೆಡ್ಡಿನ ಒಳಗೆ ಮಾಡಿ.

5. ಕಾರು ಎತ್ತುವುದು

ನಮ್ಮ ಕಡೆ ಎಲ್ಲರ ಅಂಗಳದಲ್ಲೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತವೆ, ಜನ ಅದನ್ನೇ ಕಾರಿನ ಅಡಿಗೆ ಕೊಡುತ್ತಾರೆ. ದಯವಿಟ್ಟು ಬೇಡ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು ಜಾಕಿಯ ಒಂದೇ ಬಿಂದುವಿನ ಭಾರಕ್ಕೆ ಸೂಚನೆ ಕೊಡದೆ ಒಡೆಯಬಹುದು. ಗಟ್ಟಿ ನೆಲದ ಮೇಲೆ ಸರಿಯಾದ ಸ್ಟ್ಯಾಂಡ್ ಇಡಿ. ಮಣ್ಣಿನ ಅಂಗಳವಾದರೆ ಅದರ ಅಡಿಗೆ ದಪ್ಪ ಹಲಗೆ ಕೊಡಿ. ನೆಲದಲ್ಲೇ ಇರುವ ಚಕ್ರಗಳಿಗೆ ಎರಡೂ ಬದಿ ಅಡೆ ಇಡಿ. ಜಾಕಿಯ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ಕೈಯನ್ನೂ ಹಾಕಬೇಡಿ.

ಕೆಲವು ವ್ಯಾನ್, ಜೀಪುಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಲೋಡ್ ವಾಲ್ವ್ ಇರುತ್ತದೆ. ಭಾರ ಕಡಿಮೆ ಇದ್ದಾಗ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಅದು ಕಡಿಮೆ ಮಾಡುತ್ತದೆ. ಹಿಂದಿನ ಚಕ್ರಗಳು ಗಾಳಿಯಲ್ಲಿ ತೂಗುತ್ತಿದ್ದರೆ ಆಯಿಲ್ ಸರಿಯಾಗಿ ಹರಿಯಲಿಕ್ಕಿಲ್ಲ. ಹಾಗಾಗಿ ಸ್ಟ್ಯಾಂಡನ್ನು ಆಕ್ಸಲ್ ಅಡಿಗೇ ಕೊಡಿ.

6. ನಿಪ್ಪಲ್ ಬಿಚ್ಚುವ ಮೊದಲು

ಉಪ್ಪಳ, ಮಂಜೇಶ್ವರದಂಥ ಕಡಲ ಕರೆಯ ಊರಿನ ಕಾರುಗಳಲ್ಲಿ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಮಾಮೂಲು. ಉಪ್ಪು ಗಾಳಿ. ಹಿಂದಿನ ದಿನ ಸಂಜೆಯೇ ತಂತಿ ಬ್ರಶ್‌ನಲ್ಲಿ ಉಜ್ಜಿ, ತುಕ್ಕು ಸಡಿಲಿಸುವ ಸ್ಪ್ರೇಯನ್ನು ಬುಡದ ಎಳೆಗೆ ಮಾತ್ರ ಸ್ವಲ್ಪ ಹಾಕಿ. ನೆನಪಿಡಿ, ಆ ಸ್ಪ್ರೇ ಕೂಡ ಪೆಟ್ರೋಲಿಯಂ. ಹೋಸಿಗೆ, ಧೂಳು ತಡೆಯುವ ರಬ್ಬರಿಗೆ, ಚಕ್ರದ ಡ್ರಮ್ಮಿಗೆ ಒಳಗಿಂದ ಒತ್ತುವ ಬ್ರೇಕ್ ಶೂಗೆ ತಾಗಬಾರದು. ಬಿಚ್ಚುವ ಮೊದಲು ಚೆನ್ನಾಗಿ ಒರೆಸಿ.

ಓಪನ್ ಸ್ಪ್ಯಾನರ್ ಬಳಸಿದರೆ ಮೂಲೆ ಸವೆದು ಹೋಗುತ್ತದೆ, ರಿಂಗ್ ಸ್ಪ್ಯಾನರೇ ಇರಲಿ. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಬರದಿದ್ದರೆ ಪೈಪ್ ತೂರಿಸಿ ಎಳೆಯಬೇಡಿ. ಮುರಿದ ನಿಪ್ಪಲ್ ತೆಗೆಯುವ ಕಷ್ಟಕ್ಕಿಂತ ಹೊಸ ವೀಲ್ ಸಿಲಿಂಡರ್ (ಚಕ್ರದಲ್ಲಿ ಶೂಗಳನ್ನು ಒತ್ತುವ ಭಾಗ) ಹಾಕುವುದು ಮೇಲು. ಇದೇ ಹೊತ್ತಿನಲ್ಲಿ ಕಬ್ಬಿಣದ ಪೈಪುಗಳ ಮೇಲೂ ಕೈಯಾಡಿಸಿ. ಪದರ ಎದ್ದ ತುಕ್ಕು ಇದ್ದರೆ, ಹೋಸಿನಲ್ಲಿ ಬಿರುಕು ಇದ್ದರೆ, ಚಕ್ರದ ಒಳಬದಿಯಲ್ಲಿ ಒದ್ದೆ ಇದ್ದರೆ ಮೊದಲು ಅದನ್ನು ಬದಲಿಸಿ.

7. ಡಬ್ಬಿ ಖಾಲಿ ಮಾಡಿ, ಒರೆಸಿ, ಹೊಸತು ತುಂಬಿಸಿ

ಸಿರಿಂಜಿನಲ್ಲಿ ಹಳೆಯದನ್ನು ಎಳೆಯಿರಿ. ಒಳಗಿನ ಕೆಸರನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹೊಸ ಆಯಿಲ್ ಮೇಲಿನ ಗೆರೆಯವರೆಗೆ ಹಾಕಿ. ಈ ಕೆಸರನ್ನು ಹಾಗೇ ಬಿಟ್ಟು ಮುಂದಿನ ಹಂತಕ್ಕೆ ಹೋದರೆ ಅಷ್ಟೂ ಪೈಪಿನೊಳಗೆ ಹೋಗುತ್ತದೆ.

8. ಹಳೆ ಆಯಿಲ್ ಹೊರಹಾಕುವುದು, ಏರ್ ತೆಗೆಯುವುದು

ಇಂಜಿನ್ ಆಫ್ ಇರಲಿ. ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಬಲಕ್ಕೆ ನಿರ್ವಾತದಿಂದ ನೆರವಾಗುವ ಭಾಗ) ಇರುವ ಕಾರಾದರೆ ನಿಪ್ಪಲ್ ಬಿಚ್ಚುವ ಮೊದಲು ನಾಲ್ಕೈದು ಸಲ ಪೆಡಲ್ ಒತ್ತಿ, ಒಳಗಿನ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗಲಿ.

ಹಳೆ ಕಾರಿಗೆ ತುಂಬಾ ಮುಖ್ಯವಾದ ಒಂದು ಮಾತು. ಪೆಡಲ್ ಅಡಿಗೆ ಒಂದೂವರೆ ಎರಡು ಇಂಚು ದಪ್ಪದ ಮರದ ತುಂಡು ಇಡಿ, ಪೆಡಲ್ ನೆಲ ಮುಟ್ಟಬಾರದು. ದಿನಾ ಓಡಿಸುವಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅರ್ಧ ದಾರಿ ಮಾತ್ರ ಓಡಾಡುತ್ತದೆ. ಅದು ಮುಟ್ಟದ ಉಳಿದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ನೀವು ಒಮ್ಮೆಲೇ ತಳದವರೆಗೆ ಒತ್ತಿದರೆ ರಬ್ಬರಿನ ತುಟಿ ಆ ಒರಟು ಭಾಗಕ್ಕೆ ಉಜ್ಜಿ ಹರಿಯುತ್ತದೆ. ಆಯಿಲ್ ಬದಲಿಸಿದ ಮಾರನೇ ದಿನ ಮಾಸ್ಟರ್ ಸಿಲಿಂಡರ್ ಹೋಯಿತು ಅಂತ ಎಷ್ಟೋ ಜನ ಹೇಳುವುದಕ್ಕೆ ಇದೇ ಕಾರಣ.

ಸಾಮಾನ್ಯ ಕ್ರಮ: ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು. ಅಂದರೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಕಾರುಗಳಲ್ಲಿ ಒಂದು ಮುಂದಿನ ಚಕ್ರ ಮತ್ತು ಅದರ ಓರೆಯ ಹಿಂದಿನ ಚಕ್ರ ಒಂದೇ ಪೈಪ್ ಸಾಲಿನಲ್ಲಿರುತ್ತವೆ. ಕಾರಿನ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಪಾಲಿಸಿ.

ಟ್ಯೂಬಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಹಾಕಿದ ಬಾಟಲಿಯ ತಳಕ್ಕೆ. ತುದಿ ಆಯಿಲ್‌ನಲ್ಲಿ ಮುಳುಗಿಯೇ ಇರಬೇಕು. ಇನ್ನು ಒಳಗೆ ಕೂತವರಿಗೆ ಹೇಳಿ: ನಿಧಾನ ಒತ್ತಿ, ಹಿಡಿದುಕೊಳ್ಳಿ. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಹರಿಯುತ್ತದೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಬಿಗಿಮಾಡಿ. ಆಮೇಲೆ ಮಾತ್ರ ಕಾಲು ಬಿಡಲು ಹೇಳಿ. ಈ ಕ್ರಮ ತಪ್ಪಿದರೆ, ಅಂದರೆ ನಿಪ್ಪಲ್ ತೆರೆದಿರುವಾಗಲೇ ಕಾಲು ತೆಗೆದರೆ, ಗಾಳಿ ಒಳಗೆ ಹೋಗುತ್ತದೆ. ನೀವು ಬಿಟ್ಟೆ ಅಂದದ್ದು ಅವರಿಗೆ ಬಿಡಿ ಅಂತ ಕೇಳಿಸಬಾರದು, ಶುರು ಮಾಡುವ ಮೊದಲೇ ಎರಡು ಬೇರೆ ಬೇರೆ ಮಾತು ಗೊತ್ತು ಮಾಡಿಕೊಳ್ಳಿ.

ಐದಾರು ಸಲ ಒತ್ತಿದ ಮೇಲೆ ಡಬ್ಬಿ ನೋಡಿ, ತುಂಬಿಸಿ. ಡಬ್ಬಿ ಕೆಳಗಿನ ಗೆರೆಗಿಂತ ಇಳಿದು ಗಾಳಿ ಎಳೆದುಕೊಂಡರೆ ಮೊದಲಿನಿಂದ ಮತ್ತೆ ಮಾಡಬೇಕು. ಟ್ಯೂಬಿನಲ್ಲಿ ಬರುವ ಆಯಿಲ್ ಹೊಸದರ ಬಣ್ಣಕ್ಕೆ ತಿರುಗಿ, ಗುಳ್ಳೆ ನಿಂತ ಮೇಲೆಯೂ ಇನ್ನು ಒಂದೆರಡು ಸಲ ಒತ್ತಿಸಿ, ಆಮೇಲೆ ಮುಂದಿನ ಚಕ್ರ. ನಿಪ್ಪಲಿಗೆ ಅದರ ರಬ್ಬರ್ ಟೋಪಿ ಹಾಕಿ, ಇಲ್ಲದಿದ್ದರೆ ಹೊಸತು ತಂದು ಹಾಕಿ. ಮುಂದಿನ ಸಲ ಅದು ಕಚ್ಚಿಕೊಳ್ಳದಿರಲು ಇದೇ ಉಪಾಯ.

ಹಿಡಿದ ಆಯಿಲ್ ಎಷ್ಟೇ ತಿಳಿಯಾಗಿ ಕಂಡರೂ ಡಬ್ಬಿಗೆ ವಾಪಸ್ ಹಾಕಬೇಡಿ. ಹಳೆ ಜೀಪುಗಳ ಕ್ಲಚ್ಚಿಗೂ ಇದೇ ಆಯಿಲ್ ಇದ್ದರೆ ಅದನ್ನೂ ಇದೇ ದಿನ ಬದಲಿಸಿ.

9. ಎಣ್ಣೆ ಸೇರಿದ್ದರೆ

ಇಲ್ಲಿ ಕಡಿಮೆ ಖರ್ಚಿನ ದಾರಿ ಇಲ್ಲ. ಎಣ್ಣೆ ಕುಡಿದು ಉಬ್ಬಿದ ರಬ್ಬರ್ ಮತ್ತೆ ಸರಿಯಾಗುವುದಿಲ್ಲ, ಅದರೊಳಗಿನ ಎಣ್ಣೆ ಹೊಸ ಆಯಿಲ್‌ಗೂ ನಿಧಾನವಾಗಿ ಬಿಡುತ್ತಿರುತ್ತದೆ. ಬದಲಿಸಬೇಕಾದ್ದು ಇಷ್ಟು: ಮಾಸ್ಟರ್ ಸಿಲಿಂಡರ್, ಡಬ್ಬಿಯ ಬಳೆಗಳು ಮತ್ತು ಮುಚ್ಚಳದ ರಬ್ಬರ್, ಡ್ರಮ್ ಇರುವ ಚಕ್ರಗಳ ವೀಲ್ ಸಿಲಿಂಡರ್, ಡಿಸ್ಕ್ ಇರುವ ಕಡೆ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಸೀಲ್ ಮತ್ತು ಧೂಳಿನ ರಬ್ಬರ್, ಎಲ್ಲಾ ರಬ್ಬರ್ ಹೋಸ್, ಒಳಗೆ ರಬ್ಬರ್ ಇರುವ ವಾಲ್ವ್, ಕೆಲವು ಹಳೆ ಗಾಡಿಗಳಲ್ಲಿ ಆಯಿಲ್ ಒತ್ತಡದಿಂದ ಹತ್ತುವ ಬ್ರೇಕ್ ಲೈಟ್ ಸ್ವಿಚ್. ಈ ಸ್ವಿಚ್ ಮತ್ತು ವಾಲ್ವನ್ನು ಜನ ಮರೆಯುತ್ತಾರೆ.

ಸಿಲಿಂಡರುಗಳಿಗೆ ಬರೀ ಕಿಟ್ ಹಾಕಬಹುದಲ್ಲ ಅಂತ ಕೇಳುತ್ತೀರಿ. ಕಿಟ್ ಅಂದರೆ ಒಳಗಿನ ಕಪ್ ಮತ್ತು ಸೀಲ್ ಮಾತ್ರ. ಒಳಗೋಡೆ ಕನ್ನಡಿಯಂತೆ ನುಣುಪಾಗಿದ್ದರೆ ಆಗಬಹುದು. ಉಗುರಿಗೆ ತಾಗುವ ಗುಂಡಿ ಒಂದಿದ್ದರೂ ಇಡೀ ಸಿಲಿಂಡರ್ ಬದಲಿಸಿ. ನಮ್ಮ ಹವೆಯಲ್ಲಿ ಹತ್ತು ಹದಿನೈದು ವರ್ಷ ಕಳೆದ ಸಿಲಿಂಡರಿಗೆ ನಾನಂತೂ ಕಿಟ್ ಹಾಕಲು ಹೇಳುವುದಿಲ್ಲ.

ಕಬ್ಬಿಣದ ಪೈಪುಗಳನ್ನು ಉಳಿಸಿಕೊಳ್ಳಬಹುದು. ರಬ್ಬರ್ ಭಾಗಗಳನ್ನೆಲ್ಲ ಬಿಚ್ಚಿದ ಮೇಲೆ ಪೈಪಿನೊಳಗೆ ಐಸೊಪ್ರೊಪೈಲ್ ಸ್ಪಿರಿಟ್ ಅಥವಾ ಬ್ರೇಕ್ ಕ್ಲೀನರ್ ಹರಿಸಿ, ಒಣ ಗಾಳಿ ಊದಿ, ಪೂರ್ತಿ ಒಣಗಿಸಿ. ಎರಡೂ ಬೇಗ ಬೆಂಕಿ ಹಿಡಿಯುವಂಥವು, ಬೀಡಿ ಸಿಗರೇಟು ದೂರ ಇರಲಿ. ಟೈರ್ ಅಂಗಡಿಯ ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆಯ ಹನಿ ಇರುತ್ತದೆ, ಫಿಲ್ಟರ್ ಇಲ್ಲದೆ ಅದನ್ನು ಬಳಸಬೇಡಿ.

ಬಿಚ್ಚಿದ ಬ್ರೇಕ್ ಭಾಗಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ನಲ್ಲಿ ತೊಳೆಯುವುದು ಎಷ್ಟೋ ಕಡೆ ಅಭ್ಯಾಸ ಆಗಿಹೋಗಿದೆ. ಎಣ್ಣೆ ತೆಗೆಯಲು ಹೊರಟು ಎಣ್ಣೆಯನ್ನೇ ಹಾಕಿದ ಹಾಗೆ ಅದು. ಹೊಸ ಕಪ್ ಕೂರಿಸುವಾಗ ಗ್ರೀಸ್ ಕೂಡ ಬೇಡ, ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ. ಎಣ್ಣೆ ಅಥವಾ ಬ್ರೇಕ್ ಆಯಿಲ್ ಕುಡಿದ ಶೂ, ಪ್ಯಾಡ್ ಇದ್ದರೆ ಅವೂ ಹೊಸತೇ ಆಗಬೇಕು. ಎಲ್ಲಾ ಜೋಡಿಸಿದ ಮೇಲೆ 7 ಮತ್ತು 8ನೇ ಹಂತ ಪೂರ್ತಿ ಮಾಡಿ. ಒಂದು ವಾರ ಬಿಟ್ಟು ಮುಚ್ಚಳದ ಹೊಸ ರಬ್ಬರ್ ನೋಡಿ. ಅದೂ ಉಬ್ಬಿದ್ದರೆ ಎಣ್ಣೆ ಇನ್ನೂ ಎಲ್ಲೋ ಉಳಿದಿದೆ ಅಂತ ಅರ್ಥ.

ದಾರಿಯಲ್ಲೇ ಬ್ರೇಕ್ ಹಿಡಿದು ನಿಂತರೆ ಏನು ಮಾಡುವುದು? ನಿಪ್ಪಲ್ ಸ್ವಲ್ಪ ಸಡಿಲಿಸಿ ಒತ್ತಡ ಬಿಟ್ಟರೆ ಚಕ್ರ ಬಿಡುತ್ತದೆ. ಅದು ಗಾಡಿಯನ್ನು ರಸ್ತೆ ಬದಿಗೆ ತಳ್ಳುವುದಕ್ಕೆ ಮಾತ್ರ, ಓಡಿಸುವುದಕ್ಕೆ ಅಲ್ಲ. ಅಲ್ಲಿಂದ ಬೇರೆ ಗಾಡಿಯ ಮೇಲೆ ಹೇರಿ ತನ್ನಿ. ಒಂದೇ ಚಕ್ರ ಹಿಡಿದಿದ್ದರೆ ಗಾಬರಿ ಬೇಡ, ಅದು ಎಣ್ಣೆಯ ತೊಂದರೆ ಆಗಿರಲಿಕ್ಕಿಲ್ಲ. ತುಕ್ಕು ಹಿಡಿದ ಪಿಸ್ಟನ್, ಒಳಗೇ ಮುಚ್ಚಿಕೊಂಡ ಹೋಸ್, ಸಿಕ್ಕಿಕೊಂಡ ಹ್ಯಾಂಡ್ ಬ್ರೇಕ್ ಕೇಬಲ್ ಇವನ್ನು ನೋಡಿ.

10. ರಸ್ತೆಗೆ ತೆಗೆಯುವ ಮೊದಲು

ಮರದ ತುಂಡು ತೆಗೆಯಿರಿ. ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇಂಜಿನ್ ಆಫ್ ಇರುವಾಗ ಒಮ್ಮೆ, ಸ್ಟಾರ್ಟ್ ಮಾಡಿ ಒಮ್ಮೆ. ಸ್ಟಾರ್ಟ್ ಆದ ಕ್ಷಣ ಬೂಸ್ಟರಿನಿಂದ ಪೆಡಲ್ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಒತ್ತಿದಷ್ಟೂ ಮೇಲೆ ಬಂದು ಗಟ್ಟಿಯಾದರೆ ಗಾಳಿ ಉಳಿದಿದೆ, ಇಲ್ಲವೇ ಶೂಗಳ ಅಂತರ ಜಾಸ್ತಿ ಇದೆ. ನಾಲ್ಕೂ ನಿಪ್ಪಲ್ ಒಣಗಿವೆಯೇ ಅಂತ ಬೆರಳಿಟ್ಟು ನೋಡಿ. ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಬ್ರೇಕ್ ಒತ್ತಿ ಬಿಟ್ಟ ಮೇಲೆ ಸಲೀಸಾಗಿ ತಿರುಗಬೇಕು.

ಆಮೇಲೆ ಅಂಗಳದಲ್ಲಿ, ಇಲ್ಲವೇ ಖಾಲಿ ಮೈದಾನದಲ್ಲಿ ನಡೆಯುವ ವೇಗದಲ್ಲಿ ಓಡಿಸಿ ನಿಲ್ಲಿಸಿ ನೋಡಿ. ಹ್ಯಾಂಡ್ ಬ್ರೇಕ್ ಕೆಲಸ ಮಾಡುತ್ತಿರಲಿ. ಸ್ವಲ್ಪ ದೂರ ಹೋಗಿ ಬಂದು ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದು ಹಿಡಿಯುತ್ತಿದೆ. ಹೈವೇ 66ಕ್ಕಾಗಲಿ ಘಾಟಿಗಾಗಲಿ ಅದೇ ದಿನ ಹೋಗುವುದು ಬೇಡ. ಎರಡು ದಿನ ಊರೊಳಗೆ ಓಡಿಸಿ, ಡಬ್ಬಿಯ ಮಟ್ಟ ಇಳಿದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಘಾಟಿ ಇಳಿಯುವಾಗ ಹೊಸ ಆಯಿಲ್ ಇದ್ದರೂ ಎರಡನೇ ಗೇರಿನಲ್ಲೇ ಇಳಿಯಿರಿ.

11. ಹಳೆ ಆಯಿಲ್ ಏನು ಮಾಡುವುದು

ಇದು ವಿಷ. ಕುಡಿದರೆ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ನಮ್ಮ ಮನೆಗಳಲ್ಲಿ ಕುಡಿಯುವ ನೀರು ಬಾವಿಯಿಂದ, ಗುಡ್ಡದ ಸುರಂಗದಿಂದ ಬರುತ್ತದೆ. ಅಂಗಳದ ಮೂಲೆಗೆ, ತೋಡಿಗೆ, ಅಡಿಕೆ ಮರದ ಬುಡಕ್ಕೆ ಸುರಿಯಬೇಡಿ. ಗಟ್ಟಿ ಮುಚ್ಚಳದ ಕ್ಯಾನಿಗೆ ಹಾಕಿ, ಮೇಲೆ ದೊಡ್ಡದಾಗಿ ಬರೆದು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಇಂಜಿನ್ ಆಯಿಲ್ ಜೊತೆ ಬೆರೆಸಬೇಡಿ, ಬೇರೆಯಾಗಿಯೇ ಕೊಡಿ. ನೀರಿನ ಬಾಟಲಿಯಲ್ಲಿ, ಜ್ಯೂಸ್ ಬಾಟಲಿಯಲ್ಲಿ ತುಂಬಿಸಿಡುವುದಂತೂ ಬೇಡವೇ ಬೇಡ, ಮಕ್ಕಳಿರುವ ಮನೆ. ಯಾರಾದರೂ ಕುಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಗ್ಯಾರೇಜಿಗೇ ಕೊಡುವುದಾದರೆ

ಇಷ್ಟೆಲ್ಲ ಓದಿ ನನ್ನಿಂದ ಆಗದು ಅನ್ನಿಸಿದರೆ ಧಾರಾಳ ಗ್ಯಾರೇಜಿಗೆ ಕೊಡಿ, ಬ್ರೇಕಿನ ವಿಷಯದಲ್ಲಿ ಅದು ಒಳ್ಳೆಯ ನಿರ್ಧಾರವೇ. 2 ಮತ್ತು 3ನೇ ಹಂತ ಮಾತ್ರ ನೀವೇ ಮಾಡಿಕೊಂಡು ಹೋಗಿ, ನೀರೋ ಎಣ್ಣೆಯೋ ಅಂತ ಹೇಳಿ ಕೊಡಿ. ಎಣ್ಣೆ ಸೇರಿದೆ ಅಂತ ಗೊತ್ತಾಗಿದ್ದರೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕನ್ನು ಮನೆಗೆ ಕರೆಸಿ ಅಥವಾ ಗಾಡಿ ಹೇರಿಸಿ ಕಳಿಸಿ. ಸೀಲ್ ಇರುವ ಹೊಸ ಬಾಟಲಿ ನಿಮ್ಮ ಮುಂದೆಯೇ ತೆರೆಯಲಿ. ಭಾಗಗಳನ್ನು ಯಾವುದರಲ್ಲಿ ತೊಳೆಯುತ್ತೀರಿ ಅಂತ ಕೇಳಿ, ಪೆಟ್ರೋಲ್ ಅಂದರೆ ಬೇಡ ಅನ್ನಿ. ಬಿಚ್ಚಿದ ಹಳೆ ರಬ್ಬರ್, ಹೋಸ್, ಸಿಲಿಂಡರುಗಳನ್ನು ವಾಪಸ್ ಕೊಡಲು ಹೇಳಿ, ಲೆಕ್ಕ ಸರಿ ಇದೆಯೇ ಎಣಿಸಿ. ಬದಲಿಸಿದ ತಿಂಗಳು, ವರ್ಷ ಮತ್ತು ಆಯಿಲ್ ಜಾತಿಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ, ಡಬ್ಬಿಯ ಹತ್ತಿರವೇ ಅಂಟಿಸಿ.